ಹ್ಯಾನೋವರ್‌ನ ಕೆಂಪು ಗೆರೆ: 4.2 ಕಿಲೋಮೀಟರ್, 36 ತಾಣ, ಗೈಡ್ ಬೇಡ

ಜರ್ಮನಿಯ ಹ್ಯಾನೋವರ್‌ನಲ್ಲಿ ಊರು ನೋಡಲು ಗೈಡ್ ಗೊತ್ತುಮಾಡಬೇಕಿಲ್ಲ. ಹೆಜ್ಜೆಹೆಜ್ಜೆಗೂ ಮೊಬೈಲ್ ತೆಗೆದು ನಕ್ಷೆ ತಿರುಗಿಸುವ ಕಾಟವೂ ಇಲ್ಲ. ನೆಲದ ಮೇಲೆ ಒಂದು ಕೆಂಪು ಗೆರೆ ಬಳಿದಿದ್ದಾರೆ. ಅದನ್ನು ಹಿಡಿದು ನಡೆದರೆ ಸಾಕು, 4.2 ಕಿಲೋಮೀಟರಿನಲ್ಲಿ 36 ತಾಣಗಳನ್ನು ತೋರಿಸಿ ಹೊರಟಲ್ಲಿಗೇ ತಂದು ಬಿಡುತ್ತದೆ. ಇದರ ಹೆಸರು ರೋಟರ್ ಫಾಡೆನ್, ಅಂದರೆ ಕೆಂಪು ನೂಲು. ಕಥೆಯೊಂದರ ಉದ್ದಕ್ಕೂ ಓಡುವ ಎಳೆಯನ್ನೂ ಜರ್ಮನ್ನರು ಇದೇ ಮಾತಿನಿಂದ ಕರೆಯುತ್ತಾರೆ. ಈ ನಡಿಗೆಯ ನಿಜವಾದ ಗುಣವೂ ಅದೇ: ತಾಣಗಳಿಗಿಂತ ಅವು ಬರುವ ಸರದಿ ಮುಖ್ಯ. ಪಾಳುಬಿದ್ದ ಚರ್ಚನ್ನು ಮೊದಲು ತೋರಿಸಿ, ಆಮೇಲೆ ಊರಿನ ಮಾದರಿಗಳನ್ನು ತೋರಿಸಿ, ಹಳೇ ಪೇಟೆಗೆ ಕೊನೆಯಲ್ಲಿ ಕರೆದೊಯ್ಯುತ್ತದೆ. ಹಾಗಾಗಿ ಗೆರೆಯನ್ನು ತಿರುವುಮುರುವಾಗಿ ನಡೆಯಬೇಡಿ. ಹಳೇ ಪೇಟೆ ಚೆಂದ ಎಂದು ಮೊದಲೇ ಅಲ್ಲಿಗೆ ನುಗ್ಗಿದರೆ ಏನು ನೋಡುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ.

ಹೊರಡುವ ಜಾಗ ಮುಖ್ಯ ರೈಲು ನಿಲ್ದಾಣದ ಎದುರು, ಎರ್ನ್ಸ್ಟ್ ಆಗುಸ್ಟ್ ಪ್ಲಾಟ್ಸ್ ಚೌಕದ ಪ್ರವಾಸಿ ಮಾಹಿತಿ ಕೇಂದ್ರ. ಇಲ್ಲೇ ಸಣ್ಣ ಕೈಪಿಡಿ ಮಾರುತ್ತಾರೆ, ಇಂಗ್ಲಿಷಿನಲ್ಲೂ ಸಿಗುತ್ತದೆ. ಬೆಲೆ ಕೆಲವೇ ಯೂರೋ, ಕೊಂಡುಕೊಳ್ಳಿ. ನೆಲದ ಮೇಲೆ ತಾಣದ ಸಂಖ್ಯೆ ಮಾತ್ರ ಇರುತ್ತದೆ, ಆ ಸಂಖ್ಯೆ ಯಾವುದಕ್ಕೆ ಎಂದು ಹೇಳುವುದು ಕೈಪಿಡಿ. ಅದಿಲ್ಲದೆ ನಡೆದವರಿಗೆ ನಡಿಗೆಯ ಅರ್ಧ ಭಾಗ ಬರೀ ಅಂಗಡಿಬೀದಿಯಂತೆ ಕಾಣುತ್ತದೆ. ಎಲ್ಲೂ ಒಳಹೋಗದೆ ನಡೆದರೆ ಎರಡು ತಾಸು, ಒಳಗೆ ಹೊಕ್ಕು ನೋಡುವುದಾದರೆ ನಾಲ್ಕು ತಾಸು ಬೇಕು. ಭಾರದ ಬ್ಯಾಗನ್ನು ನಿಲ್ದಾಣದ ಲಾಕರಿನಲ್ಲಿ ಇಟ್ಟುಬಿಡಿ. ನಡಿಗೆ ಮುಗಿಯುವುದೂ ಅಲ್ಲಿಯೇ.

ಮೊದಲ ಭಾಗ ವ್ಯಾಪಾರದ ಬೀದಿಗಳದು, ಬೇಗ ದಾಟಬಹುದು. ಆಪೆರಾ ಭವನದ ಬಳಿ ಮಾತ್ರ ನಿಲ್ಲಿ. ಲಾವೆಸ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಈ ಭವನ 1852ರಲ್ಲಿ ತೆರೆಯಿತು, 1943ರ ಬಾಂಬ್ ದಾಳಿಯಲ್ಲಿ ಸುಟ್ಟಿತು, 1950ರಲ್ಲಿ ಮತ್ತೆ ಬಾಗಿಲು ತೆರೆಯಿತು. ಅದರ ಚೌಕದಲ್ಲೇ ನಾಜಿ ಕಾಲದಲ್ಲಿ ಕೊಲೆಯಾದ ಹ್ಯಾನೋವರ್ ಯಹೂದಿಗಳ ಸ್ಮಾರಕವಿದೆ. 1994ರಲ್ಲಿ ಆದದ್ದು. 1,900ಕ್ಕೂ ಹೆಚ್ಚು ಹೆಸರುಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಭವನದ ಫೋಟೋ ತೆಗೆಯುವ ಭರದಲ್ಲಿ ಇದಕ್ಕೆ ಬೆನ್ನು ಹಾಕಿ ಹೋಗುವವರೇ ಹೆಚ್ಚು.

ಎಗೀಡಿಯನ್ ಚರ್ಚಿನಿಂದ ನಡಿಗೆಯ ತೂಕ ಬದಲಾಗುತ್ತದೆ. 14ನೇ ಶತಮಾನದ ಈ ಚರ್ಚು 1943ರ ಅಕ್ಟೋಬರ್‌ನ ಒಂದೇ ರಾತ್ರಿಯ ದಾಳಿಯಲ್ಲಿ ಹಾಳಾಯಿತು. ಅದನ್ನು ಮತ್ತೆ ಕಟ್ಟದೆ, ಯುದ್ಧಕ್ಕೆ ಬಲಿಯಾದವರ ನೆನಪಿಗೆಂದು ಹಾಗೆಯೇ ಉಳಿಸಿಕೊಂಡಿದ್ದಾರೆ. ಚಾವಣಿ ಇಲ್ಲ. ಗಾಜಿಲ್ಲದ ಕಿಟಕಿಗಳ ಆಚೆ ಆಕಾಶ. ಮಳೆ ಬಂದರೆ ಚರ್ಚಿನ ಒಳಗೇ ನೆನೆಯುತ್ತೀರಿ. ಗೋಪುರದ ಬಳಿ ತೂಗುವ ಗಂಟೆ ಸೋದರ ನಗರ ಹಿರೋಶಿಮಾದ ಕೊಡುಗೆ, 1985ರದು. ಪ್ರತಿವರ್ಷ ಆಗಸ್ಟ್ 6ರಂದು ಇಲ್ಲಿ ಸ್ಮರಣೆಯ ಕಾರ್ಯಕ್ರಮ ನಡೆಯುತ್ತದೆ.

ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಹೊಸ ನಗರಸಭಾ ಭವನ. ಹೆಸರು ಹೊಸದು, ಕಟ್ಟಡ 1913ರದು. ಸುಮಾರು 98 ಮೀಟರ್ ಎತ್ತರ. ಕೆಳಗಿನದು ಜವುಗು ನೆಲವಾದ್ದರಿಂದ ಇಷ್ಟು ಭಾರ ಹೊರಲು 6,026 ಬೀಚ್ ಮರದ ಕಂಬಗಳನ್ನು ನೆಲಕ್ಕೆ ಬಡಿದು ಅದರ ಮೇಲೆ ಕಟ್ಟಿದ್ದಾರೆ. ಇಡೀ ನಡಿಗೆಯಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದೇ. ಬಹಳ ಜನ ಒಳಬಂದವರೇ ಲಿಫ್ಟಿನ ಸಾಲಿಗೆ ಓಡುತ್ತಾರೆ. ನೀವು ಮೊದಲು ಗುಮ್ಮಟದ ಕೆಳಗಿನ ದೊಡ್ಡ ಹಜಾರದಲ್ಲಿ ನಿಲ್ಲಿ. ಅಲ್ಲಿಗೆ ಪ್ರವೇಶ ಉಚಿತ. ಹಜಾರದಲ್ಲಿ ಊರಿನ ನಾಲ್ಕು ಮಾದರಿಗಳಿವೆ: 1689, 1939, 1945, ಈಗಿನದು.

ಇವನ್ನು ನೋಡುವುದಕ್ಕೂ ಒಂದು ಕ್ರಮವಿದೆ. 1689ರ ಮಾದರಿಯಲ್ಲಿ ಮಾರ್ಕ್ಟ್‌ಕಿರ್ಶೆ ಚರ್ಚಿನ ಎತ್ತರದ ಗೋಪುರವನ್ನು ಗುರುತು ಹಿಡಿಯಿರಿ. ಅದೇ ಗೋಪುರವನ್ನು ಉಳಿದ ಮೂರರಲ್ಲೂ ಹುಡುಕಿ. ಆಗ ದಿಕ್ಕು ಸಿಗುತ್ತದೆ, ಕಣ್ಣು ಅಲೆಯುವುದಿಲ್ಲ. 1939ರ ಮಾದರಿಯಲ್ಲಿ ಒತ್ತೊತ್ತಾಗಿ ಹೊಂದಿಕೊಂಡ ಸೂರುಗಳು. ಪಕ್ಕದ 1945ರ ಮಾದರಿಯಲ್ಲಿ ಅದೇ ಬೀದಿಗಳು, ಆದರೆ ಮನೆಗಳಿಗೆ ಸೂರಿಲ್ಲ. ಗೋಡೆಗಳು ಮಾತ್ರ ನಿಂತಿವೆ, ಮುಚ್ಚಳ ತೆಗೆದ ಪೆಟ್ಟಿಗೆಗಳ ಹಾಗೆ, ಸಾಲುಸಾಲಾಗಿ. ಊರಿನ ನಡುಭಾಗದ ಸುಮಾರು ಶೇಕಡಾ 90ರಷ್ಟು ಹಾಳಾಗಿತ್ತು ಎಂದು ಓದಿದಾಗ ಅದು ಒಂದು ಅಂಕಿ, ಅಷ್ಟೇ. ಮಾದರಿಯ ಮುಂದೆ ನಿಂತಾಗ ಅದು ಒಂದೊಂದೇ ಮನೆಯಾಗಿ ಕಾಣಿಸುತ್ತದೆ. ಈಗ ತಾನೇ ದಾಟಿ ಬಂದ ಎಗೀಡಿಯನ್ ಚರ್ಚನ್ನೂ ಇಲ್ಲಿ ಹುಡುಕಿ ನೋಡಿ. ಇದಕ್ಕೆ ಅರ್ಧ ತಾಸು ಕೊಟ್ಟರೂ ಹೆಚ್ಚಲ್ಲ.

ಇನ್ನು ಲಿಫ್ಟು. ಗುಮ್ಮಟದ ಬಾಗನ್ನೇ ಅನುಸರಿಸಿ ಏರುವುದರಿಂದ ಇದು ನೇರವಾಗಿ ಹೋಗುವುದಿಲ್ಲ, 17 ಡಿಗ್ರಿವರೆಗೆ ವಾಲುತ್ತದೆ. ಸುಮಾರು 43 ಮೀಟರಿನ ಪಯಣ. ವಾಲುವಾಗ ಮೈ ಒಂದು ಕಡೆ ಜಗ್ಗುತ್ತದೆ, ಕಾಲು ಅಗಲಿಸಿ ನಿಲ್ಲುವುದು ಒಳ್ಳೆಯದು. ಇಲ್ಲಿ ಎಡವಟ್ಟಾಗುವುದು ಎರಡು ಕಾರಣಕ್ಕೆ. ಒಂದು, ಚಳಿಗಾಲದಲ್ಲಿ ಲಿಫ್ಟ್ ಓಡುವುದಿಲ್ಲ. ಇದಕ್ಕೆಂದೇ ಬರುವವರು ವಸಂತದಿಂದ ಶರತ್ಕಾಲದ ನಡುವೆ ಬರಬೇಕು. ಎರಡು, ಪೆಟ್ಟಿಗೆ ಪುಟ್ಟದು, ಒಮ್ಮೆಗೆ ಕೆಲವೇ ಜನ ಹಿಡಿಸುತ್ತಾರೆ. ಹೀಗಾಗಿ ಸಾಲು ಚಿಕ್ಕದಾಗಿ ಕಂಡರೂ ಕಾಯುವ ಹೊತ್ತು ದೊಡ್ಡದು. ಬೆಳಗ್ಗೆಯೇ ಹೋದರೆ ಕಾಯುವುದು ಕಡಿಮೆ. ಲಿಫ್ಟ್ ಇಳಿದ ಮೇಲೆ ವೀಕ್ಷಣಾ ಕಟ್ಟೆಗೆ ಮೆಟ್ಟಿಲುಗಳಿವೆ, ಮಂಡಿನೋವಿನವರು ಗಮನಿಸಿ. ಹವೆ ತಿಳಿಯಾಗಿದ್ದರೆ ದೂರದ ಹಾರ್ಟ್ಸ್ ಬೆಟ್ಟಸಾಲು ಕಾಣುತ್ತದೆ.

ಭವನದ ಒಳ್ಳೆಯ ಫೋಟೋ ಬೇಕಿದ್ದರೆ ಗೆರೆ ಬಿಟ್ಟು ಐದು ನಿಮಿಷ ಹಿಂಬದಿಗೆ ಹೋಗಿ, ಮಾಷ್‌ಪಾರ್ಕಿನ ಕೊಳದ ಆಚೆ ದಡದಲ್ಲಿ ನಿಲ್ಲಿ. ಗಾಳಿಯಿಲ್ಲದ ದಿನ ಗುಮ್ಮಟ ಪೂರ್ತಿಯಾಗಿ ನೀರಿನಲ್ಲಿ ಮೂಡುತ್ತದೆ. ಮುಂಬದಿಯಲ್ಲಿ ವಾಹನಗಳ ದಟ್ಟಣೆಯಿಂದ ಇಂಥ ಚಿತ್ರ ಸಿಗುವುದಿಲ್ಲ. ಮರಳಿ ಬಂದು, ಗೆರೆ ಬಿಟ್ಟ ಜಾಗದಿಂದಲೇ ಮತ್ತೆ ಹಿಡಿಯಿರಿ. ಅಡ್ಡದಾರಿಯಲ್ಲಿ ಹೋಗಿ ಸೇರಿಕೊಳ್ಳೋಣ ಎಂದರೆ ಒಂದೆರಡು ತಾಣ ತಪ್ಪಿಹೋಗುತ್ತವೆ.

ಲೈನೆ ನದಿಯ ದಡದ ಅರಮನೆ ಈಗ ಲೋವರ್ ಸ್ಯಾಕ್ಸನಿ ರಾಜ್ಯದ ಶಾಸನಸಭೆ. ಲಾವೆಸ್‌ನ ಕಂಬಸಾಲು ಹೊರಗಿನಿಂದ ನೋಡಿದರೆ ಸಾಕು. ಇಲ್ಲಿಯ ಅರಸರೇ 1714ರಿಂದ 1837ರವರೆಗೆ ಬ್ರಿಟನ್ನನ್ನೂ ಆಳಿದವರು ಎಂಬುದನ್ನು ನೆನಪಿಡಿ. ಮುಂದೆ ಹೋಹೆಸ್ ಊಫರ್, ಎತ್ತರದ ದಡ. ಹ್ಯಾನೋವರ್ ಎಂಬ ಹೆಸರು ಹುಟ್ಟಿದ್ದೇ ಈ ಅರ್ಥದಿಂದ ಎನ್ನುತ್ತಾರೆ. ಇಲ್ಲಿ 1357ರ ಬೆಗೀನೆನ್ ಗೋಪುರವಿದೆ, ಹಳೆಯ ಕೋಟೆಯ ಉಳಿಕೆ. ಎದುರು ದಡದಲ್ಲಿ ಕಲಾವಿದೆ ನಿಕಿ ದ ಸೇಂಟ್ ಫಾಲ್ ಅವರ 'ನಾನಾ' ಎಂಬ ಹೆಸರಿನ ಮೂರು ಹೆಣ್ಣು ಶಿಲ್ಪಗಳು, 1974ರವು, ದುಂಡುದುಂಡಾಗಿ ಬಣ್ಣಬಣ್ಣವಾಗಿ ನಿಂತಿವೆ. ಶನಿವಾರ ಈ ದಡದಲ್ಲಿ ಹಳೇ ಸಾಮಾನಿನ ಸಂತೆ ನೆರೆಯುತ್ತದೆ. ಸಂತೆ ಸೊಗಸು, ಆದರೆ ಅಂಗಡಿಗಳೂ ಜನರೂ ಸೇರಿ ಗೆರೆಯನ್ನು ಮುಚ್ಚಿಬಿಡುತ್ತಾರೆ.

ಈಗ ಹಳೇ ಪೇಟೆ. ಬುರ್ಗ್‌ಸ್ಟ್ರಾಸೆ, ಕ್ರಾಮರ್‌ಸ್ಟ್ರಾಸೆ ಬೀದಿಗಳಲ್ಲಿ ಮರದ ತೊಲೆಗಳ ಚೌಕಟ್ಟಿನ ಮನೆಗಳು ಸಾಲಾಗಿವೆ. ಇವು ಮೊದಲಿನಿಂದಲೂ ಹೀಗೆ ಜೊತೆಯಾಗಿದ್ದವಲ್ಲ. ಯುದ್ಧದ ನಂತರ ಊರಲ್ಲಿ ಇಂಥ ಮನೆ ಉಳಿದದ್ದು ಸುಮಾರು ನಲವತ್ತು, ಅವೂ ಅಲ್ಲೊಂದು ಇಲ್ಲೊಂದು. ಅವುಗಳಲ್ಲಿ ಹಲವನ್ನು ಬಿಚ್ಚಿ ತಂದು ಇಲ್ಲಿ ಒಟ್ಟಿಗೆ ನಿಲ್ಲಿಸಿದರು. ಲೈಬ್ನಿಟ್ಸ್ ಮನೆಯನ್ನೇ ನೋಡಿ. ತತ್ವಜ್ಞಾನಿ, ಗಣಿತಜ್ಞ ಲೈಬ್ನಿಟ್ಸ್ 1698ರಿಂದ 1716ರಲ್ಲಿ ಸಾಯುವವರೆಗೂ ಬಾಳಿದ್ದ ಮನೆ 1943ರಲ್ಲಿ ನಾಶವಾಯಿತು. ಹೋಲ್ಟ್ಸ್‌ಮಾರ್ಕ್ಟ್ ಚೌಕದಲ್ಲಿ ಈಗಿರುವುದು 1983ರಲ್ಲಿ ಮುಗಿದ ಮರುನಿರ್ಮಾಣ, ಅದೂ ಮೂಲ ಜಾಗದಲ್ಲಲ್ಲ. ಇದನ್ನು ನಕಲು ಎಂದು ತಳ್ಳಿಹಾಕುವವರಿದ್ದಾರೆ. ನಮ್ಮ ಎಣಿಕೆಯಲ್ಲಿ ಅದು ಸರಿಯಲ್ಲ. ಸೂರಿಲ್ಲದ ಆ ಪೆಟ್ಟಿಗೆಗಳನ್ನು ನೋಡಿ ಬಂದ ಕಣ್ಣಿಗೆ ಈ ಬೀದಿ ಊರಿನವರು ಹಟ ಹಿಡಿದು ಕೂಡಿಸಿಕೊಂಡ ಒಡವೆಯಂತೆ ಕಾಣುತ್ತದೆ. ಬೀದಿಗೆ ಕಲ್ಲು ಹಾಸಿದ್ದಾರೆ, ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ. ಗಾಲಿಕುರ್ಚಿಗೆ ಇಲ್ಲಿ ಕುಲುಕಾಟ ಹೆಚ್ಚು, ಉಳಿದ ದಾರಿ ಬಹುಮಟ್ಟಿಗೆ ಸಮತಟ್ಟು.

ಮಾರ್ಕ್ಟ್‌ಕಿರ್ಶೆ ಚರ್ಚೂ ಪಕ್ಕದ ಹಳೇ ನಗರಸಭಾ ಭವನವೂ ಉತ್ತರ ಜರ್ಮನಿಯ ಕೆಂಪು ಇಟ್ಟಿಗೆಯ ಗೋಥಿಕ್ ಶೈಲಿಯವು. ಗೋಪುರದ ತುದಿ ನೋಡಿ: ಅಷ್ಟು ದೊಡ್ಡ ಮೈಗೆ ತೀರಾ ಪುಟ್ಟ ಶಿಖರ. ಕಟ್ಟುವವರು ದಣಿದರು, ಹಣದ ಚೀಲವೂ ಬರಿದಾಯಿತು ಎಂಬುದು ಊರಿನ ಹಳೆಯ ಮಾತು. ಒಳಹೋಗುವ ಮುನ್ನ ಗೆರ್ಹಾರ್ಡ್ ಮಾರ್ಕ್ಸ್ ಮಾಡಿದ 1959ರ ಕಂಚಿನ ಬಾಗಿಲಿನ ಮುಂದೆ ನಿಂತು ಒಂದೊಂದೇ ಚೌಕ ನೋಡಿ. ಯುದ್ಧ, ಹಸಿವು, ಬೆಂಕಿ, ಮತ್ತೆ ಕಟ್ಟುವ ಕೈಗಳು ಅಲ್ಲಿವೆ. ಭಾನುವಾರ ಬೆಳಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಸುತ್ತಾಡಿ ನೋಡುವಂತಿಲ್ಲ.

ಗೆರೆ ಕೈಕೊಡುವುದು ಎಲ್ಲಿ? ಹಿಮ ಬಿದ್ದ ದಿನ ಏನೂ ಕಾಣದು. ಶರತ್ಕಾಲದ ಎಲೆರಾಶಿಯೂ ಮರೆಮಾಡುತ್ತದೆ. ರಸ್ತೆ ಅಗೆದು ಹೊಸ ಕಲ್ಲು ಹಾಕಿದ ಕಡೆ ಬಣ್ಣ ಮತ್ತೆ ಬಳಿಯುವವರೆಗೆ ಎಳೆ ಕಡಿದಿರುತ್ತದೆ. ನವೆಂಬರ್ ಕೊನೆಯಿಂದ ಕ್ರಿಸ್ಮಸ್ ಸಂತೆ ಹಳೇ ಪೇಟೆಯನ್ನು ತುಂಬಿಕೊಳ್ಳುತ್ತದೆ. ಗೆರೆ ಕಳೆದರೆ ಹುಡುಕುತ್ತಾ ಸುತ್ತಬೇಡಿ. ಕೈಪಿಡಿಯ ನಕ್ಷೆಯಲ್ಲಿ ಮುಂದಿನ ಸಂಖ್ಯೆ ನೋಡಿ ನೇರ ಅಲ್ಲಿಗೆ ನಡೆಯಿರಿ, ಅಲ್ಲಿ ಗೆರೆ ಮತ್ತೆ ಸಿಗುತ್ತದೆ. ನೆಲವನ್ನೇ ನೋಡುತ್ತಾ ರಸ್ತೆಗೆ ಇಳಿಯುವುದು ಇನ್ನೊಂದು ಅಪಾಯ. ನಗರಸಭಾ ಭವನದ ಮುಂದಿನ ಫ್ರೀಡ್ರಿಷ್‌ಸ್‌ವಾಲ್ ದೊಡ್ಡ ರಸ್ತೆ, ಸಿಗ್ನಲ್ ಹಸಿರಾಗುವವರೆಗೆ ಕಾಯಿರಿ. ಸೈಕಲ್ ಪಥದ ಮೇಲೆ ನಿಂತು ಕೈಪಿಡಿ ಓದಬೇಡಿ. ಅಂಗಡಿಗಳು ಮುಚ್ಚಿರುವ ಭಾನುವಾರ ಬೀದಿ ಖಾಲಿ ಇರುವುದರಿಂದ ಗೆರೆ ಚೆನ್ನಾಗಿ ಕಾಣುತ್ತದೆ. ಸೋಮವಾರ ಬಹುಪಾಲು ಮ್ಯೂಸಿಯಂಗಳಿಗೆ ರಜೆ.

ಕ್ರೊಪ್ಕೆ ಗಡಿಯಾರದ ಚೌಕ ದಾಟಿದರೆ ಮತ್ತೆ ರೈಲು ನಿಲ್ದಾಣ. ಕೊನೆಯ ತಾಣ 1861ರ ರಾಜ ಎರ್ನ್ಸ್ಟ್ ಆಗುಸ್ಟ್‌ನ ಕುದುರೆ ಪ್ರತಿಮೆ. ಊರಿನವರು ಯಾರನ್ನಾದರೂ ಭೇಟಿಯಾಗಬೇಕಾದರೆ 'ಬಾಲದ ಕೆಳಗೆ ಸಿಗೋಣ' ಎನ್ನುವುದು ಇದೇ ಕುದುರೆಯ ಬಾಲವನ್ನು. ಗುಂಪಿನಲ್ಲಿ ಹೋದವರು ನಡುವೆ ಬೇರೆಬೇರೆಯಾಗಿ ಸುತ್ತುವುದಾದರೆ ಹೊರಡುವಾಗಲೇ ಹೊತ್ತು ಗೊತ್ತುಮಾಡಿಕೊಂಡು ಇಲ್ಲಿಯೇ ಸೇರಿ.