ಚಳಿಗಾಲದಲ್ಲಿ ಗಿನಿಪಿಗ್‌ಗೆ ಹಸಿರು: ಅಂಗಡಿ ಸೊಪ್ಪಾ, ಒಣ ಪ್ಯಾಕೆಟ್ಟಾ, ಕಿಟಕಿಯ ಟ್ರೇನಾ, ಹೊರಗಿನ ಕಳೆಯಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಹೊರಗಿನ ಕಳೆಗಿಡಗಳಿಗೆ. ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಮನೆಯಲ್ಲಿ ಎರಡು ಗಿನಿಪಿಗ್‌ಗಳಿವೆ, ಕಡಲೆ ಮತ್ತು ಬೆಲ್ಲ. ಬೇಸಿಗೆಯಲ್ಲಿ ಹಸಿರಿಗೆ ಬರವಿಲ್ಲ, ಹಿತ್ತಲಿನ ಹುಲ್ಲೇ ಸಾಕು. ಕಷ್ಟ ಶುರುವಾಗುವುದು ನವೆಂಬರಿಗೆ. ಸುಮಾರು 6 ಡಿಗ್ರಿಗಿಂತ ಕೆಳಗೆ ಹೋದರೆ ಹುಲ್ಲು ಬೆಳೆಯುವುದೇ ನಿಂತಂತೆ. ಮಾರ್ಚ್‌ವರೆಗೆ ಬೇರೆ ದಾರಿ ಹುಡುಕಬೇಕು. ನಾಲ್ಕು ದಾರಿಯನ್ನೂ ನೋಡಿದ್ದೇನೆ. ಇದನ್ನು ಬರೆಯಲು ಕೂರಿಸಿದ್ದು ಆನ್‌ಲೈನ್‌ನಲ್ಲಿ ತರಿಸಿದ ಒಂದು ಒಣ ಮೇವಿನ ಪೆಟ್ಟಿಗೆ.

ಅದಕ್ಕೆ 18 ಪೌಂಡ್ ಕೊಟ್ಟಿದ್ದೆ. ಚಿತ್ರದಲ್ಲಿ ಅಗಲವಾದ ಡ್ಯಾಂಡೆಲಿಯನ್ ಎಲೆ, ಹಳದಿ ಹೂವು, ಹಸಿರೇ ಹಸಿರು. ಪೆಟ್ಟಿಗೆ ಬಿಚ್ಚಿದರೆ ಕಂದುಬಣ್ಣದ ಕಡ್ಡಿಗಳು, ತಳದಲ್ಲಿ ಒಂದು ಪದರ ಪುಡಿ. ಕಡಲೆ ಮತ್ತು ಬೆಲ್ಲ ಹೂವಿನ ಎಸಳುಗಳನ್ನು ಆರಿಸಿ ತಿಂದವು, ಉಳಿದದ್ದರ ಮೇಲೆ ಮಲಗಿದವು. ಪುಡಿಗೆ ಬೆಲ್ಲ ಸೀನತೊಡಗಿದಾಗ ಎಲ್ಲವನ್ನೂ ತೆಗೆದು ಗೊಬ್ಬರದ ಡಬ್ಬಕ್ಕೆ ಹಾಕಿದೆ. ಮಾರಿದವರು ಹಣ ವಾಪಸ್ ಕೊಡಲಿಲ್ಲ. "ನೈಸರ್ಗಿಕ ವಸ್ತು, ಪ್ರತಿ ಸಲ ಬೇರೆ ಬೇರೆ ಇರುತ್ತದೆ" ಅಂತ ಉತ್ತರ ಬಂತು.

ಒಳ್ಳೆಯ ಒಣ ಸೊಪ್ಪು ಬಂದಿದ್ದರೂ ನನ್ನ ಅಭಿಪ್ರಾಯ ಬದಲಾಗುತ್ತಿರಲಿಲ್ಲ. ಗಿನಿಪಿಗ್‌ಗೆ ಹಸಿ ಮೇವು ಕೊಡುವುದಕ್ಕೆ ದೊಡ್ಡ ಕಾರಣವೇ ವಿಟಮಿನ್ ಸಿ. ನಮ್ಮ ಹಾಗೆ ಅವುಗಳ ದೇಹವೂ ಅದನ್ನು ತಯಾರಿಸಿಕೊಳ್ಳುವುದಿಲ್ಲ. ಕಮ್ಮಿಯಾದರೆ ಸ್ಕರ್ವಿ ಬರುತ್ತದೆ: ಕೀಲು ಊದುತ್ತದೆ, ನಡೆಯಲು ಆಗುವುದಿಲ್ಲ, ತಿನ್ನುವುದು ಬಿಡುತ್ತವೆ. ಒಂದು ಕಿಲೋ ತೂಕದ ಪ್ರಾಣಿಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಸೊಪ್ಪನ್ನು ಒಣಗಿಸಿದರೆ ಮೊದಲು ಹೋಗುವುದೇ ಈ ವಿಟಮಿನ್. ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಸಿದ್ಧ ಆಹಾರ, ಅಂದರೆ ಪೆಲೆಟ್ಟಿನಲ್ಲಿ ಸೇರಿಸಿರುತ್ತಾರೆ ನಿಜ, ಆದರೆ ಚೀಲ ಹಳೆಯದಾದಷ್ಟೂ ಅದರಲ್ಲೂ ಇಳಿಯುತ್ತದೆ. ಹಾಗಾಗಿ ಒಣ ಪ್ಯಾಕೆಟ್ ಆಟಕ್ಕೆ, ಬಾಯಿರುಚಿಗೆ ಆದೀತು. ಹಸಿರಿನ ಜಾಗಕ್ಕೆ ಅದು ಬರುವುದಿಲ್ಲ. ಹೊಟ್ಟೆ ತುಂಬಲು ಒಣಹುಲ್ಲು ಹೇಗೂ ಇದ್ದೇ ಇದೆ. ಅವು ತಿನ್ನುವುದರಲ್ಲಿ ನೂರಕ್ಕೆ ಎಂಬತ್ತು ಪಾಲು ಅದೇ ಇರಬೇಕು. ಅದರ ಜೊತೆಗೆ ಇನ್ನೊಂದು ಒಣ ವಸ್ತುವಿಗೆ ನಾನು ದುಡ್ಡು ಹಾಕುವುದಿಲ್ಲ.

ಅಂಗಡಿ ಸೊಪ್ಪಿನ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಕೆಂಪು ಕ್ಯಾಪ್ಸಿಕಂ ಒಂದಕ್ಕಾಗಿ ಅಂಗಡಿಗೆ ಹೋಗಲೇಬೇಕು. ನೂರು ಗ್ರಾಂನಲ್ಲಿ ಸುಮಾರು 125 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಅಂದರೆ 20 ಗ್ರಾಂ ಚೂರು ಒಂದು ಗಿನಿಪಿಗ್‌ಗೆ ದಿನಕ್ಕೆ ಸಾಕು. ಒಂದು ಕಾಯಿ ಎರಡಕ್ಕೂ ಮೂರು ದಿನ ಬರುತ್ತದೆ. ಕೊತ್ತಂಬರಿ ಬೇಕಾದರೆ ಲೀಡ್ಸ್‌ನ ಕರ್ಕ್‌ಗೇಟ್ ಮಾರ್ಕೆಟ್‌ಗೆ ಹೋಗಿ. ಸೂಪರ್‌ಮಾರ್ಕೆಟ್ಟಿನ ಪ್ಲಾಸ್ಟಿಕ್ ಪೊಟ್ಟಣಕ್ಕಿಂತ ಅಲ್ಲಿನ ಕಟ್ಟು ದೊಡ್ಡದು, ತಾಜಾ ಕೂಡ.

ಅಂಗಡಿಯನ್ನೇ ನೆಚ್ಚಿಕೊಂಡರೆ ಎರಡು ತೊಂದರೆ. ಚಳಿಗಾಲದಲ್ಲಿ ಸುಲಭವಾಗಿ ಸಿಗುವುದು ಕೇಲ್, ಪಾಲಕ್, ಪಾರ್ಸ್ಲಿ. ಕೇಲ್ ಮತ್ತು ಪಾರ್ಸ್ಲಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ಪಾಲಕ್‌ನಲ್ಲಿ ಆಕ್ಸಲೇಟ್ ಜಾಸ್ತಿ, ಎರಡೂ ಕಲ್ಲು ಕಟ್ಟುವಂಥವು. ಗಿನಿಪಿಗ್‌ಗಳಿಗೆ ಮೂತ್ರಕೋಶದಲ್ಲಿ ಕಲ್ಲಾಗುವುದು ಸಾಮಾನ್ಯ. ಆದ್ದರಿಂದ ಇವನ್ನು ದಿನಾ ಕೊಡುವ ಹಾಗಿಲ್ಲ. ಐಸ್‌ಬರ್ಗ್ ಲೆಟಿಸ್ ಕೊಡೋಣ ಅಂದರೆ ಅದು ಬರೀ ನೀರು. ಎರಡನೆಯ ತೊಂದರೆ, ತೊಳೆದು ಕತ್ತರಿಸಿ ಚೀಲಕ್ಕೆ ತುಂಬಿದ ಸೊಪ್ಪು ಬಿಚ್ಚಿದ ಮರುದಿನವೇ ಲೋಳೆಯಾಗುತ್ತದೆ. ಅರ್ಧ ಎಸೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಿಟಕಿಯ ಟ್ರೇ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಧಿಯನ್ನೋ ಬಾರ್ಲಿಯನ್ನೋ ರಾತ್ರಿ ನೆನೆಸಿ, ಟ್ರೇಯಲ್ಲಿ ಹರಡಿ, ಬೆಳಕಿಗೆ ಇಡುವುದು. ನವರಾತ್ರಿಗೆ ಮನೆಯಲ್ಲಿ ಮೊಳಕೆ ಹಾಕಿ ಅಭ್ಯಾಸವಿದ್ದವರಿಗೆ ಇದು ಹೊಸ ವಿದ್ಯೆಯೇನಲ್ಲ. ಅಡುಗೆಗೆ ತರುವ ಇಡೀ ಗೋಧಿಯೇ ಸಾಕು. ಹೊಲಕ್ಕೆಂದು ಮಾರುವ, ಔಷಧಿ ಲೇಪಿಸಿದ ಬಿತ್ತನೆ ಬೀಜ ಮಾತ್ರ ಬೇಡ. ಡಿಸೆಂಬರಿನ ಮಂಕು ಬೆಳಕಿನಲ್ಲಿ ಹುಲ್ಲು ನಿಧಾನವಾಗಿ ಬರುತ್ತದೆ, ಬೇರಿನ ಮಧ್ಯೆ ಬಿಳಿ ಬೂಷ್ಟು ಬೇಗ ಬರುತ್ತದೆ. ಬೂಷ್ಟು ಕಂಡ ಟ್ರೇಯನ್ನು ಕೊಡುವ ಹಾಗಿಲ್ಲ. ಉಳಿದದ್ದನ್ನು ಇವೆರಡೂ ಕೆಲವೇ ನಿಮಿಷದಲ್ಲಿ ಖಾಲಿ ಮಾಡುತ್ತವೆ. ಹಿಮ ಬಿದ್ದು ನೆಲ ಮುಚ್ಚಿಹೋಗುವ ವಾರಕ್ಕೆಂದು ಒಂದು ಟ್ರೇ ಇಟ್ಟುಕೊಳ್ಳುತ್ತೇನೆ, ಅಷ್ಟೇ.

ಈಗ ಹೊರಗಿನ ಸೊಪ್ಪಿಗೆ ಬರೋಣ. ಇಂಗ್ಲೆಂಡಿನ ಚಳಿಗಾಲ ಬೋಳು ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಮರ ಬೋಳು ನಿಜ. ನೆಲದ ಮಟ್ಟದಲ್ಲಿ ನೋಡಿ. ಚಿಕ್‌ವೀಡ್ ತಂಪಿನಲ್ಲೇ ಚೆನ್ನಾಗಿ ಹಬ್ಬುವ ಕಳೆ. ಬ್ಲ್ಯಾಕ್‌ಬೆರಿಯ ಮುಳ್ಳುಪೊದೆಯಲ್ಲಿ ಎಲೆ ಪೂರ್ತಿ ಉದುರುವುದಿಲ್ಲ, ಜನವರಿಯಲ್ಲೂ ಹಸಿರಾಗಿ ಸಿಗುತ್ತದೆ. ಡ್ಯಾಂಡೆಲಿಯನ್ ನೆಲಕ್ಕೆ ಅಂಟಿಕೊಂಡು ಉಳಿದಿರುತ್ತದೆ. ಉದ್ದ ನರಗಳಿರುವ ರಿಬ್‌ವರ್ಟ್ ಪ್ಲಾಂಟೇನ್, ಸೋ ಥಿಸಲ್, ಬೇಲಿ ಬುಡದ ಒರಟು ಹುಲ್ಲು, ಇವೆಲ್ಲ ಇರುತ್ತವೆ. ಜನವರಿ ಕೊನೆಗೆ, ಫೆಬ್ರವರಿಗೆ ಕ್ಲೀವರ್ಸ್ ಎಳೆಯದಾಗಿ ಏಳುತ್ತದೆ, ಬಟ್ಟೆಗೆ ಅಂಟುವ ಗಿಡ ಅದು. ಎಳೆಯದಿದ್ದಾಗ ನಮ್ಮ ಬೆಲ್ಲನಿಗೆ ಅದೇ ಪ್ರಾಣ. ಸೇಬು, ಹೇಜಲ್, ವಿಲ್ಲೋ ಕಡ್ಡಿಗಳನ್ನೂ ಕೊಡಬಹುದು. ಹಲ್ಲು ಜೀವಮಾನವಿಡೀ ಬೆಳೆಯುವ ಪ್ರಾಣಿಗೆ ಕಡಿಯಲು ಏನಾದರೂ ಬೇಕಲ್ವಾ? ಹಿಕ್ಕೆ ಸ್ವಲ್ಪ ಮೆತ್ತಗಾದಾಗ ಬ್ಲ್ಯಾಕ್‌ಬೆರಿ ಎಲೆ ಕೊಡುವುದು ಇಲ್ಲಿ ಹಿಂದಿನಿಂದ ಸಾಕುತ್ತಾ ಬಂದವರ ರೂಢಿ.

ನಾನು ತರುವುದು ಹೆಚ್ಚಾಗಿ ಒಂದು ಅಲಾಟ್‌ಮೆಂಟಿನಿಂದ. ಅಲಾಟ್‌ಮೆಂಟ್ ಅಂದರೆ ತರಕಾರಿ ಬೆಳೆಯಲು ಜನ ಬಾಡಿಗೆಗೆ ಪಡೆಯುವ ತುಂಡು ಭೂಮಿ. ಪಕ್ಕದ ಬೀದಿಯ ಹಿರಿಯರೊಬ್ಬರ ಬಳಿ ಒಂದಿದೆ. ಚಳಿಗಾಲದಲ್ಲಿ ಖಾಲಿ ಬಿಟ್ಟ ಮಡಿಗಳ ತುಂಬ ಚಿಕ್‌ವೀಡ್. ಕಿತ್ತುಕೊಂಡು ಹೋದಷ್ಟೂ ಅವರಿಗೆ ಸಂತೋಷ. ಕಳೆನಾಶಕ ಹೊಡೆದಿದ್ದಾರಾ, ಗೊಂಡೆಹುಳಕ್ಕೆ ಗುಳಿಗೆ ಹಾಕಿದ್ದಾರಾ ಅಂತ ಮೊದಲೇ ಕೇಳಿಕೊಂಡೆ. ಮೆಟಾಲ್ಡಿಹೈಡ್ ಗುಳಿಗೆಯನ್ನು ಹೊರಗೆ ಬಳಸುವುದಕ್ಕೆ 2022ರ ವಸಂತದಿಂದ ಬ್ರಿಟನ್ನಿನಲ್ಲಿ ನಿಷೇಧವಿದೆ. ಆದರೂ ಹಳೆಯ ಡಬ್ಬ ಯಾರ ಶೆಡ್ಡಿನಲ್ಲಾದರೂ ಉಳಿದಿರಬಹುದು, ಕೇಳುವುದು ಒಳ್ಳೆಯದು.

ಇನ್ನು ಗೋಳಿನ ವಿಷಯ. ಚಿಕ್‌ವೀಡ್ ಒಂಟಿಯಾಗಿ ಬೆಳೆಯುವುದಿಲ್ಲ. ಅದೇ ಮಡಿಯಲ್ಲಿ, ಅದೇ ಎತ್ತರಕ್ಕೆ, ಒಂದರೊಳಗೊಂದು ಹೆಣೆದುಕೊಂಡು ಎರಡು ಕೆಟ್ಟ ಗಿಡಗಳು ಬರುತ್ತವೆ. ಒಂದು ಪೆಟಿ ಸ್ಪರ್ಜ್, ಇನ್ನೊಂದು ಗ್ರೌಂಡ್‌ಸೆಲ್. ಎರಡೂ ಚಳಿಗಾಲದಲ್ಲೂ ಹಸಿರಾಗಿಯೇ ಇರುತ್ತವೆ. ಗ್ರೌಂಡ್‌ಸೆಲ್ ಗುರುತು ಸಿಗುತ್ತದೆ. ಎಲೆ ಹರಿದ ಹಾಗೆ ಸೀಳಿರುತ್ತದೆ, ಹೂವು ಅರಳಿಯೂ ಅರಳದಂಥ ಹಳದಿ ಕುಚ್ಚು. ಅದರಲ್ಲಿರುವ ಪೈರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ವಿಷ ಪಿತ್ತಜನಕಾಂಗವನ್ನು ಹಾಳು ಮಾಡುತ್ತದೆ. ಆ ಹಾನಿ ದಿನದಿಂದ ದಿನಕ್ಕೆ ಸೇರುತ್ತಾ ಹೋಗುತ್ತದೆ, ಒಂದೇ ಸಲಕ್ಕೆ ಕಾಣುವುದಿಲ್ಲ.

ತಲೆನೋವು ಪೆಟಿ ಸ್ಪರ್ಜ್. ಎಳೆಯದಿದ್ದಾಗ ಅದೂ ಸಣ್ಣ, ದುಂಡಗಿನ, ತಿಳಿಹಸಿರು ಎಲೆಯ ಮೆತ್ತನೆ ಗಿಡ. ಒಂದು ಹಿಡಿ ಚಿಕ್‌ವೀಡ್ ಕಿತ್ತರೆ ಅದರೊಳಗೆ ಎರಡು ಕಡ್ಡಿ ಸ್ಪರ್ಜ್ ಸೇರಿಕೊಂಡಿರುತ್ತದೆ. ಒಂದು ಸಂಜೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಮಗಳು ಒಂದು ಕಡ್ಡಿ ಹಿಡಿದು, "ಅಮ್ಮಾ, ಇದ್ರಿಂದ ಹಾಲು ಬರ್ತಿದೆ" ಅಂದಳು. ಅದೇ ಗುರುತು. ಇದು ನಮ್ಮ ಊರಿನ ಕಳ್ಳಿ ಗಿಡದ ಕುಲದ್ದೇ. ಕಳ್ಳಿ ಹಾಲು ಕಣ್ಣಿಗೆ ಬೀಳಬಾರದು ಅಂತ ನಮಗೆಲ್ಲ ಚಿಕ್ಕಂದಿನಲ್ಲೇ ಹೇಳಿಕೊಟ್ಟಿರುತ್ತಾರೆ. ಈ ಹಾಲೂ ಚರ್ಮ ಸುಡುತ್ತದೆ, ಕಣ್ಣಿಗೆ ಅಪಾಯ. ಅದರಲ್ಲಿರುವ ಇಂಜಿನಾಲ್ ಮೆಬುಟೇಟ್ ಎಂಬ ವಸ್ತುವನ್ನು 2012ರಿಂದ ಚರ್ಮದ ಔಷಧಿಯಾಗಿ ಮಾರುತ್ತಿದ್ದರು. ಚರ್ಮದ ಕ್ಯಾನ್ಸರ್ ಭಯದಿಂದ ಯುರೋಪಿನಲ್ಲಿ 2020ರಲ್ಲಿ ನಿಲ್ಲಿಸಿದರು. ಅಂಥದ್ದು ಒಂದು ಕಿಲೋ ತೂಕದ ಪ್ರಾಣಿಯ ಬಾಯಿಗೆ ಹೋಗಬಾರದು. ಗಿನಿಪಿಗ್‌ಗೆ ವಾಂತಿ ಮಾಡಲೂ ಬರುವುದಿಲ್ಲ, ತಿಂದದ್ದು ಒಳಗೇ ಉಳಿಯುತ್ತದೆ.

ಹಾಗಾಗಿ ತಂದ ಸೊಪ್ಪನ್ನೆಲ್ಲ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಬೇಕು. ಸ್ಟೀಲ್ ತಟ್ಟೆಯಲ್ಲಿ ಹರಡಿಕೊಂಡು, ಕಡ್ಡಿ ಕಡ್ಡಿಯನ್ನೂ ನೋಡುತ್ತೇನೆ. ಚಿಕ್‌ವೀಡ್ ಆದರೆ ಕಾಂಡದ ಒಂದೇ ಪಕ್ಕದಲ್ಲಿ ಕೂದಲಿನ ಸಾಲು ಇರುತ್ತದೆ. ಗೆಣ್ಣು ದಾಟಿದ ಮೇಲೆ ಆ ಸಾಲು ಪಕ್ಕ ಬದಲಿಸುತ್ತದೆ. ಕಾಂಡವನ್ನು ಮೆಲ್ಲಗೆ ಎಳೆದರೆ ಹೊರಗಿನ ಸಿಪ್ಪೆ ತುಂಡಾಗಿ ಒಳಗಿನ ನೂಲು ರಬ್ಬರಿನಂತೆ ಹಿಗ್ಗುತ್ತದೆ. ಹಾಲು ಬರುವುದಿಲ್ಲ. ಕಾಂಡ ಚೌಕವಾಗಿದ್ದು, ಎಲೆಯಡಿ ಕಪ್ಪು ಚುಕ್ಕೆ ಇದ್ದರೆ ಅದು ಸ್ಕಾರ್ಲೆಟ್ ಪಿಂಪರ್ನೆಲ್, ಅದೂ ವಿಷವೇ. ಕಣ್ಣು ಪಳಗಿದ ಮೇಲೆ ಕೆಲಸ ಬೇಗ ಆಗುತ್ತದೆ. ಆದರೆ ಬಿಡುವ ಹಾಗಂತೂ ಇಲ್ಲ. ದಣಿದು ಬಂದ ದಿನ ಇದು ನಿಜವಾಗಿ ಬೇಸರದ ಕೆಲಸ, ಅದನ್ನು ಮುಚ್ಚಿಡುವುದಿಲ್ಲ.

ಕಷ್ಟ ಕಮ್ಮಿ ಮಾಡಲು ಈಗ ಮೂರು ಕ್ರಮ ಇಟ್ಟುಕೊಂಡಿದ್ದೇನೆ. ಹಿಡಿಗಟ್ಟಲೆ ಕೀಳದೆ, ಚಿಕ್‌ವೀಡ್ ಮಾತ್ರ ಒತ್ತಾಗಿ ಹಾಸಿಕೊಂಡಿರುವ ಜಾಗದಲ್ಲಿ ಮೇಲಿನ ತುದಿಯನ್ನು ಕತ್ತರಿಯಿಂದ ಕತ್ತರಿಸುತ್ತೇನೆ. ಬೆಳಕಿರುವಾಗಲೇ ಹೋಗುತ್ತೇನೆ. ಲೀಡ್ಸ್‌ನಲ್ಲಿ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಟಾರ್ಚ್ ಬೆಳಕಿನಲ್ಲಿ ಎಲ್ಲ ಸೊಪ್ಪೂ ಒಂದೇ ಥರ. ಅದಕ್ಕೇ ಶನಿವಾರ ಬೆಳಗ್ಗೆ, ವಾರದ ನಡುವೆ ಮನೆಯಿಂದ ಕೆಲಸ ಮಾಡುವ ದಿನ ಮಧ್ಯಾಹ್ನ. ಆರಿಸಿ, ತೊಳೆದು, ನೀರು ಬಸಿದು, ಡಬ್ಬಿಯಲ್ಲಿ ಕಾಗದ ಹಾಸಿ ಫ್ರಿಜ್ಜಿನಲ್ಲಿಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಅಂಗಡಿಯ ಚೀಲಕ್ಕಿಂತ ಜಾಸ್ತಿ ದಿನ.

ಬೇರೆ ಎಚ್ಚರಿಕೆಗಳು ಚಿಕ್ಕವು. ಕೌ ಪಾರ್ಸ್ಲಿ ಒಳ್ಳೆಯದು ಅನ್ನುತ್ತಾರೆ, ಆದರೆ ಹೆಮ್ಲಾಕ್ ಎಂಬ ವಿಷಗಿಡ ಅದರ ತದ್ರೂಪು, ಆ ಜಾತಿಯನ್ನೇ ನಾನು ಮುಟ್ಟುವುದಿಲ್ಲ. ಬೇಲಿಯಡಿ ಜನವರಿಯಿಂದ ಏಳುವ ಹೊಳೆಯುವ ಬಾಣದಾಕಾರದ ಎಲೆ ಆರಮ್, ವಿಷ. ಐವಿ, ಫಾಕ್ಸ್‌ಗ್ಲವ್, ಡ್ಯಾಫೋಡಿಲ್ ಕೂಡ ವಿಷ. ನಾಯಿಗಳು ಓಡಾಡುವ ಕಾಲುವೆ ದಂಡೆ ಬೇಡ. ರಸ್ತೆ ಪಕ್ಕವೂ ಬೇಡ, ಚಳಿಗಾಲದಲ್ಲಿ ಅಲ್ಲಿ ಹೊಗೆಯ ಜೊತೆಗೆ ಮಂಜುಗಡ್ಡೆ ಕಟ್ಟದಿರಲಿ ಅಂತ ಕೌನ್ಸಿಲ್‌ನವರು ಎರಚಿದ ಉಪ್ಪೂ ಇರುತ್ತದೆ. ಹಿಮಗಟ್ಟಿದ ಎಲೆಯನ್ನು ಹಾಗೇ ಕೊಡಬಾರದು, ಒಳಗೆ ತಂದು ಕರಗಿಸಿ ಒರೆಸಿ ಕೊಡಿ. ಕಾನೂನಿನ ಭಯವಿದ್ದವರಿಗೆ: 1968ರ ಕಳ್ಳತನದ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದೆ ಕಾಡುಗಿಡದ ಎಲೆ ಕಿತ್ತರೆ ಅದು ಕಳ್ಳತನವಲ್ಲ. ಬೇರುಸಹಿತ ಕೀಳಲು ಮಾತ್ರ ಜಾಗದ ಒಡೆಯರ ಒಪ್ಪಿಗೆ ಬೇಕು. ಕೆಲವು ಪಾರ್ಕುಗಳಿಗೆ ಅವುಗಳದ್ದೇ ನಿಯಮವಿರುತ್ತದೆ, ಫಲಕ ನೋಡಿಕೊಳ್ಳಿ.

ಬೆಂಗಳೂರಿನಲ್ಲಿ ಗಿನಿಪಿಗ್ ಸಾಕಿರುವ ನನ್ನ ತಂಗಿಗೆ ಈ ಯಾವ ಗೋಳೂ ಇಲ್ಲ. ನೀರು ಬೀಳುವ ಜಾಗದಲ್ಲಿ ಗರಿಕೆ ಇರುತ್ತದೆ, ಡಿಸೆಂಬರಿನಲ್ಲಿ ಕೊತ್ತಂಬರಿ ಕಟ್ಟು ಅಗ್ಗ. ಅವಳಿಗೆ ಅಂಗಡಿ ಸೊಪ್ಪೇ ಸರಿ ಅಂತ ನಾನೇ ಹೇಳಿದ್ದೇನೆ.

ನನ್ನ ಲೆಕ್ಕ ಬೇರೆ. ಎರಡು ಪ್ರಾಣಿಗೆ ದಿನಾ ಹಸಿರನ್ನು ಕೊಂಡು ಪೂರೈಸಿದರೆ ವಾರಕ್ಕೆ ಆರೇಳು ಪೌಂಡ್ ಹೋಗುತ್ತದೆ. ಹೊರಗಿನ ಸೊಪ್ಪಿನ ಜೊತೆ ಕ್ಯಾಪ್ಸಿಕಂ ಮಾತ್ರ ಕೊಂಡರೆ ಎರಡು ಪೌಂಡಿನೊಳಗೆ ಮುಗಿಯುತ್ತದೆ. ದುಡ್ಡಿಗಿಂತ ನನಗೆ ಮುಖ್ಯವಾದದ್ದು ಬಗೆ. ಒಂದೇ ತಟ್ಟೆಯಲ್ಲಿ ಐದಾರು ಥರದ ಎಲೆ, ಒರಟೂ ಇದೆ, ಎಳೆಯದೂ ಇದೆ. ಅಂಗಡಿ ಸೊಪ್ಪಿಗೆ ಇವು ಸುಮ್ನೆ ತಲೆ ಎತ್ತುತ್ತವೆ. ಅಲಾಟ್‌ಮೆಂಟಿನ ಡಬ್ಬಿ ತೆಗೆದರೆ ಇಡೀ ಮನೆಗೆ ಕೇಳುವ ಹಾಗೆ ಕೂಗುತ್ತವೆ. ನಿಮಗೆ ಹಗಲು ಹೊತ್ತು ಬಿಡುವಿಲ್ಲ, ನಂಬಿಕೆಯ ಜಾಗವೂ ಇಲ್ಲ ಅಂದರೆ ಕೊತ್ತಂಬರಿ, ಕ್ಯಾಪ್ಸಿಕಂ, ಒಂದು ಗೋಧಿ ಟ್ರೇ ಸಾಕು. ಗುರುತು ಗಟ್ಟಿಯಾಗದೆ ಹೊರಗಿನದಕ್ಕೆ ಕೈ ಹಾಕಬೇಡಿ. ಶುರು ಮಾಡುವುದಾದರೆ ಹುಲ್ಲು ಮತ್ತು ಬ್ಲ್ಯಾಕ್‌ಬೆರಿ ಎಲೆಯಿಂದ ಶುರು ಮಾಡಿ, ಇವೆರಡನ್ನು ಗುರುತಿಸುವುದು ಸುಲಭ. ಹೊಸ ಸೊಪ್ಪನ್ನು ಮೊದಲ ದಿನ ಎರಡೇ ಎಲೆ ಕೊಟ್ಟು, ಮರುದಿನ ಹಿಕ್ಕೆ ಗಟ್ಟಿಯಾಗಿದೆಯೇ ನೋಡಿ, ಆಮೇಲೆ ಹೆಚ್ಚಿಸಿ. ತಿನ್ನುವುದನ್ನು ಪೂರ್ತಿ ನಿಲ್ಲಿಸಿದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಪಶುವೈದ್ಯರಿಗೆ ಫೋನ್ ಮಾಡಿ.