ಮೂರು ಇಟಾಲಿಕ್‌ಗಳು: ಇಬಿ ಗ್ಯಾರಮಂಡ್, ಕಾರ್ಮೊರಂಟ್, ಲಿಬ್ರೆ ಬಾಸ್ಕರ್‌ವಿಲ್

ಇಂಗ್ಲಿಷ್ ಪುಸ್ತಕವಾಗಲಿ, ಆಹ್ವಾನ ಪತ್ರಿಕೆಯಾಗಲಿ, ಪುಟ ಕಟ್ಟುವಾಗ ನಾನು ಮೊದಲು ನೋಡುವುದು ಫಾಂಟಿನ ಇಟಾಲಿಕ್, ಅಂದರೆ ಬಲಕ್ಕೆ ಓರೆಯಾಗಿ ನಿಲ್ಲುವ ಅಕ್ಷರ. ಪುಕ್ಕಟೆ ಸಿಗುವ ಈ ಮೂರು ಸೆರಿಫ್ (ಗೆರೆಗಳ ತುದಿಯಲ್ಲಿ ಪುಟ್ಟ ಚಾಚು ಇರುವ) ಫಾಂಟ್‌ಗಳಲ್ಲಿ ಒಂದೇ ಬರಹವನ್ನು ಕೂರಿಸಿ, ಪರದೆಯ ಮೇಲೂ ಕಾಗದದ ಮೇಲೂ ಓದಿ ನೋಡಿದೆ.

ಮೂರೂ ನಿಜವಾದ ಇಟಾಲಿಕ್‌ಗಳೇ. ನೇರ ಅಕ್ಷರವನ್ನು ಸುಮ್ನೆ ಓರೆ ಮಾಡಿದ್ದಲ್ಲ. ಇಂಗ್ಲಿಷಿನ ಚಿಕ್ಕ ‘ಎ’ (a) ಕೈಬರಹದ ಹಾಗೆ ಒಂದೇ ಸುತ್ತಿನದಾಗುತ್ತದೆ, ‘ಎಫ್’ (f) ಸಾಲಿನ ಗೆರೆಯಿಂದ ಕೆಳಗಿಳಿಯುತ್ತದೆ. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಷಿಯಸ್ ರೋಮನ್ ಕವಿ ವರ್ಜಿಲನ ಇಡೀ ಪುಸ್ತಕವನ್ನು ಇಂಥ ಅಕ್ಷರದಲ್ಲೇ ಅಚ್ಚು ಹಾಕಿದ. ಅಕ್ಷರ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಒಂದು ಪದಕ್ಕೆ ಒತ್ತು ಕೊಡಲು ಹುಟ್ಟಿದ್ದಲ್ಲ ಇದು, ಪುಟಗಟ್ಟಲೆ ಓದಲು ಹುಟ್ಟಿದ್ದು. ಹಾಗಾಗಿ ಒಂದು ಪೂರ್ತಿ ಪ್ಯಾರಾ ಆರಾಮಾಗಿ ಓದಿಸಿಕೊಳ್ಳುತ್ತದೆಯೇ ಅನ್ನುವುದೇ ನನ್ನ ಮುಖ್ಯ ಪರೀಕ್ಷೆ.

ಅದರಲ್ಲಿ ಇಬಿ ಗ್ಯಾರಮಂಡ್ ಸಲೀಸಾಗಿ ಗೆದ್ದಿತು. ಇದಕ್ಕೆ ಮೂಲ 1592ರ ಫ್ರಾಂಕ್‌ಫರ್ಟ್‌ನ ಒಂದು ಅಕ್ಷರಮಾದರಿಯ ಹಾಳೆ. ಅದರಲ್ಲಿ ನೇರ ಅಕ್ಷರಗಳು ಕ್ಲೋದ್ ಗ್ಯಾರಮಂಡನವು, ಇಟಾಲಿಕ್ ರೊಬೇರ್ ಗ್ರಾಂಜೋನನದು. ಇಬ್ಬರು ಬೇರೆ ಬೇರೆ ಕುಶಲಿಗಳ ಕೆಲಸ ಒಂದೇ ಸಾಲಿನಲ್ಲಿ ಇಷ್ಟು ಚೆನ್ನಾಗಿ ಹೊಂದುವುದು ನನಗೆ ಈಗಲೂ ಬೆರಗು. 11 ಪಾಯಿಂಟ್ ಅಳತೆಯಲ್ಲಿ ಕವಿತೆ, ಪತ್ರ, ಪುಸ್ತಕದ ಹೆಸರು ಎಲ್ಲವೂ ಹಿತವಾಗಿ ಕಂಡವು. ಅಕ್ಷರಗಳು ಇಕ್ಕಟ್ಟಾಗಿ ನಿಲ್ಲುವುದರಿಂದ ಜಾಗವೂ ಉಳಿಯುತ್ತದೆ. ಬರೆದ ಕೈಯ ಚಲನೆ ಸಾಲಿನುದ್ದಕ್ಕೂ ಕಾಣುತ್ತದೆ, ಆದರೆ ಓದಿಗೆ ಅಡ್ಡ ಬರುವುದಿಲ್ಲ.

ಅಂದಕ್ಕೆ ಮಾತ್ರ ಕಾರ್ಮೊರಂಟ್. ಕ್ರಿಶ್ಚಿಯನ್ ಥಾಲ್ಮನ್ ಗ್ಯಾರಮಂಡ್ ಅಕ್ಷರಗಳಿಂದ ಸ್ಫೂರ್ತಿ ಪಡೆದು ಮಾಡಿದ ಇದು ದೊಡ್ಡ ಅಳತೆಗೆಂದೇ ಇರುವ ಫಾಂಟ್. ಅಕ್ಷರದ ಮೈ ಗಿಡ್ಡ, ಮೇಲೆ ಕೆಳಗೆ ಹೋಗುವ ಗೆರೆಗಳು ಉದ್ದ, ಕೊನೆಗಳು ಸೂಜಿಯಷ್ಟು ಚೂಪು. 30 ಪಾಯಿಂಟ್ ದಾಟಿದ ಮೇಲೆ ಮದುವೆ ಪತ್ರಿಕೆಯ ಹೆಸರುಗಳಿಗೆ ಇದಕ್ಕಿಂತ ಚೆಂದದ್ದು ನನಗೆ ಸಿಕ್ಕಿಲ್ಲ. ಅದನ್ನೇ 10 ಪಾಯಿಂಟ್‌ಗೆ ಇಳಿಸಿ ಸಾಧಾರಣ ಲೇಸರ್ ಪ್ರಿಂಟರ್‌ನಲ್ಲಿ ತೆಗೆದರೆ ತೆಳು ಗೆರೆಗಳು ಅಲ್ಲಲ್ಲಿ ಮಾಯ. ವಿಳಾಸ, ಮುಹೂರ್ತದ ಸಮಯ ಇದರಲ್ಲಿ ಬೇಡವೇ ಬೇಡ. ಮನೆಯ ಹಿರಿಯರೂ ಓದಬೇಕು, ಅಲ್ವಾ?

ಲಿಬ್ರೆ ಬಾಸ್ಕರ್‌ವಿಲ್ ಪರದೆಗೆ ಹೇಳಿ ಮಾಡಿಸಿದ್ದು. ಮೈ ಎತ್ತರ, ಅಕ್ಷರ ಅಗಲ. ಮೊಬೈಲ್‌ನಲ್ಲಿ ಇಟಾಲಿಕ್ ಓದಲು ಮೂರರಲ್ಲಿ ಇದೇ ಸುಲಭ. ಕಾಗದದ ಮೇಲೆ ಮಾತ್ರ ಜಾಗ ಜಾಸ್ತಿ ತಿನ್ನುತ್ತದೆ. ಇಬಿ ಗ್ಯಾರಮಂಡ್‌ನ ಲಾಲಿತ್ಯವೂ ಇದರಲ್ಲಿಲ್ಲ.

ಮೂರರಲ್ಲಿ ಯಾವುದನ್ನೇ ಆರಿಸಿ, ನಡುವೆ ಕನ್ನಡ ಪದ ಬಂದರೆ ಅದನ್ನು ಓರೆ ಮಾಡಬೇಡಿ. ನಮ್ಮ ಲಿಪಿಯ ಬಹುತೇಕ ಫಾಂಟ್‌ಗಳಿಗೆ ಇಟಾಲಿಕ್ ಇಲ್ಲ. ಇಟಾಲಿಕ್ ಗುಂಡಿ ಒತ್ತಿದರೆ ಸಾಫ್ಟ್‌ವೇರ್ ಇಡೀ ಅಕ್ಷರವನ್ನು ಪಕ್ಕಕ್ಕೆ ತಳ್ಳುತ್ತದೆ, ಒತ್ತಕ್ಷರ ಜಾರಿದ ಹಾಗೆ ಕಾಣುತ್ತದೆ. ನಾನು ಕನ್ನಡವನ್ನು ನೇರವಾಗಿಯೇ ಇಟ್ಟು, ಪಕ್ಕದ ಇಂಗ್ಲಿಷ್‌ಗೆ ಹೊಂದುವ ಹಾಗೆ ಅಳತೆಯನ್ನಷ್ಟೇ ಸರಿಮಾಡುತ್ತೇನೆ.