ಹೊಡೆದಾಟದ ಕೇಸಿಗೆ ಉಚಿತ ವಕೀಲರು: ಕಾರವಾರದ ಕಾನೂನು ನೆರವು ಎಷ್ಟು ಕೆಲಸಕ್ಕೆ ಬರುತ್ತದೆ?

ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಆರೋಪಿಯಾಗಿದ್ದ ಹಲ್ಲೆ ಕೇಸು ಹುಟ್ಟಿದ್ದು 1988ರ ಡಿಸೆಂಬರಿನಲ್ಲಿ, ಪಟಿಯಾಲದ ರಸ್ತೆ ಜಗಳವೊಂದರಿಂದ. ಪೆಟ್ಟು ತಿಂದ 65 ವರ್ಷದವರು ತೀರಿಕೊಂಡರು. ಕೆಳಗಿನ ಕೋರ್ಟು 1999ರಲ್ಲಿ ಬಿಡುಗಡೆ ಮಾಡಿತು. ಹೈಕೋರ್ಟು 2006ರಲ್ಲಿ 3 ವರ್ಷ ಶಿಕ್ಷೆ ಕೊಟ್ಟಿತು. ಸುಪ್ರೀಂ ಕೋರ್ಟು 2018ರಲ್ಲಿ ಅದನ್ನು ಐಪಿಸಿ 323ಕ್ಕೆ, ಅಂದರೆ ಬೇಕೆಂದೇ ಸಾದಾ ಗಾಯ ಮಾಡಿದ ಅಪರಾಧಕ್ಕೆ, ಇಳಿಸಿ 1,000 ರೂಪಾಯಿ ದಂಡ ಹಾಕಿತು. 2022ರ ಮೇ ತಿಂಗಳಲ್ಲಿ ಮರುಪರಿಶೀಲಿಸಿ ಒಂದು ವರ್ಷದ ಕಠಿಣ ಸಜೆ ವಿಧಿಸಿತು. ಮೂರು ದಶಕ ನಡೆದ ಈ ಕೇಸಿನಲ್ಲಿ ಪ್ರತಿವಾದದ ಬೆನ್ನೆಲುಬು ಒಂದೇ ಪ್ರಶ್ನೆ: ಸಾವು ಆ ಪೆಟ್ಟಿನಿಂದಲೇ ಆಯಿತೇ? ವೈದ್ಯಕೀಯ ದಾಖಲೆಯಲ್ಲಿ ಅದಕ್ಕೆ ಖಚಿತ ಉತ್ತರ ಇರಲಿಲ್ಲ. ಸೆಕ್ಷನ್ ಇಳಿದದ್ದು ಅಲ್ಲಿ.

ಆ 323 ಈಗ, 2024ರ ಜುಲೈ 1ರಿಂದ, ಭಾರತೀಯ ನ್ಯಾಯ ಸಂಹಿತೆಯ 115(2). ಶಿರಸಿ ಕಡೆಯ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಗಡಿ ತಕರಾರು, ತದಡಿ ಬಂದರಿನಲ್ಲಿ ಬಲೆಗಾಗಿ ಆದ ಕೈಕೈ ಮಿಲಾಯಿಸುವಿಕೆ, ಎಲ್ಲಕ್ಕೂ ಬೀಳುವುದು ಇದೇ ಕಲಂ. ಹಾಗಾಗಿ ತಾರೆಯ ವಕೀಲರ ತಂಡ ಮಾಡುವ ಕೆಲಸವನ್ನು ಕಾರವಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಉಚಿತ ವಕೀಲರಿಂದ ಎಷ್ಟರ ಮಟ್ಟಿಗೆ ಪಡೆಯಬಹುದು ಎಂದು ನೋಡುವುದು ಸರಿ. ಮೊದಲ ದಿನವೇ ಹೋದವರಿಗೆ ಇದು ನಂಬಬಹುದಾದ ಸೇವೆ. ಚಾರ್ಜ್‌ಶೀಟ್ ಬಂದಮೇಲೆ ಹೋದರೆ ಅರ್ಧ ಪ್ರಯೋಜನ ಕೈತಪ್ಪಿರುತ್ತದೆ.

ಯಾರಿಗೆ ಸಿಗುತ್ತದೆ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಪೊಲೀಸ್ ಅಥವಾ ನ್ಯಾಯಾಂಗ ವಶದಲ್ಲಿ ಇರುವವರು, ಇವರಿಗೆಲ್ಲ ಆದಾಯದ ಮಿತಿಯೇ ಇಲ್ಲ. ಉಳಿದವರಿಗೆ ವರ್ಷಕ್ಕೆ 3 ಲಕ್ಷ ರೂಪಾಯಿ ಒಳಗಿರಬೇಕು. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕಾಗಿ ಕಾಯುತ್ತ ಕೂರಬೇಡಿ. 13ನೇ ಕಲಂ ಪ್ರಕಾರ ಆದಾಯದ ಬಗ್ಗೆ ಅಫಿಡವಿಟ್ ಕೊಟ್ಟರೂ ಒಪ್ಪಬಹುದು. ಎಫ್‌ಐಆರ್ ಪ್ರತಿ, ಆಧಾರ್, ಪೊಲೀಸರ ನೋಟಿಸು ಬಂದಿದ್ದರೆ ಅದು, ಇಷ್ಟು ಜೊತೆಗಿರಲಿ. ಶಿರಸಿಯವರು ಕಾರವಾರಕ್ಕೆ ಘಟ್ಟ ಇಳಿಯಬೇಕಿಲ್ಲ, ಅಲ್ಲಿನ ಕೋರ್ಟಿನಲ್ಲೇ ತಾಲ್ಲೂಕು ಸಮಿತಿ ಅರ್ಜಿ ತೆಗೆದುಕೊಳ್ಳುತ್ತದೆ. ದಿಕ್ಕು ತೋಚದಿದ್ದರೆ 15100ಕ್ಕೆ ಫೋನ್ ಮಾಡಿ.

2022ರ ರಾಷ್ಟ್ರೀಯ ಯೋಜನೆಯಡಿ ಆರೋಪಿಗಳ ಪರ ಪೂರ್ಣಾವಧಿ ವಕೀಲರ ತಂಡವಿದೆ: ಮುಖ್ಯಸ್ಥರು, ಉಪಮುಖ್ಯಸ್ಥರು, ಸಹಾಯಕರು. ಇವರಿಗೆ ಖಾಸಗಿ ಪ್ರಾಕ್ಟೀಸ್ ಇಲ್ಲ. ಇದೇ ಈ ಸೇವೆಯ ದೊಡ್ಡ ಬಲ, ಏಕೆಂದರೆ ಫೀಸು ಕೊಡುವ ಇನ್ನೊಬ್ಬ ಕಕ್ಷಿದಾರನಿಗಾಗಿ ನಿಮ್ಮ ತಾರೀಖು ಮುಂದೆ ಹೋಗುವ ಕಾರಣವೇ ಇರುವುದಿಲ್ಲ. ಬಂಧನಕ್ಕೆ ಮುಂಚಿನ ವಿಚಾರಣೆಯ ಹೊತ್ತಿಗೂ ವಕೀಲರನ್ನು ಕೇಳಬಹುದು. ಇದನ್ನು ಕೇಳುವವರು ಕಡಿಮೆ, ಕೇಳಲೇಬೇಕು.

ವಕೀಲರ ಎದುರು ಕೂತಾಗ ಮೊದಲು ಬಿಡಿಸಿಕೊಳ್ಳಬೇಕಾದದ್ದು ಸೆಕ್ಷನ್. 115(2) ಅಸಂಜ್ಞೇಯ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸುವಂತಿಲ್ಲ), ಜಾಮೀನು ಸಿಗುವಂಥದ್ದು. ಗರಿಷ್ಠ 1 ವರ್ಷ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಗಾಯಗೊಂಡವರು ಒಪ್ಪಿದರೆ ರಾಜಿಯಾಗುತ್ತದೆ. ಮೂಳೆ ಮುರಿದರೆ, ಹಲ್ಲು ಮುರಿದರೆ, 15 ದಿನ ದಿನನಿತ್ಯದ ಕೆಲಸ ಮಾಡಲಾಗದ ಸ್ಥಿತಿಯಾದರೆ ಅದು ತೀವ್ರ ಗಾಯ, 117(2). ಶಿಕ್ಷೆ 7 ವರ್ಷದವರೆಗೆ. ಹಳೆಯ ಐಪಿಸಿಯಲ್ಲಿ ಆ ಅವಧಿ 20 ದಿನ ಇತ್ತು. ಐದು ದಿನ ಕಡಿಮೆಯಾದದ್ದರಿಂದ ಮೊದಲು ಸಾದಾ ಎನಿಸುತ್ತಿದ್ದ ಗಾಯ ಈಗ ಮೇಲಿನ ಕಲಮಿಗೆ ಜಿಗಿಯಬಹುದು. ಇನ್ನು ಕತ್ತಿಯಿಂದ ಹೊಡೆದರು ಎಂದು ದೂರಿನಲ್ಲಿ ಬಂದರೆ 118, ಆಯುಧದಿಂದ ಗಾಯ ಮಾಡಿದ ಕಲಂ. ತೋಟಕ್ಕೆ ಹೋಗುವವರ ಸೊಂಟದಲ್ಲಿ ಕತ್ತಿ ಇದ್ದೇ ಇರುತ್ತದೆ. ಅದನ್ನು ಬೀಸಿದ್ದೇ, ಕೊಕ್ಕೆಯಲ್ಲೇ ಇತ್ತೇ ಎಂಬುದನ್ನು ವಕೀಲರಿಗೆ ಮೊದಲ ಭೇಟಿಯಲ್ಲೇ ಹೇಳಿ. 118ಕ್ಕೆ ಕೋರ್ಟಿನಲ್ಲಿ ರಾಜಿಯಿಲ್ಲ. ಎರಡೂ ಕಡೆಯವರು ಒಪ್ಪಿದರೂ ಕೇಸಿನ ರದ್ದತಿಗೆ ಹೈಕೋರ್ಟಿನ ಧಾರವಾಡ ಪೀಠಕ್ಕೇ ಹೋಗಬೇಕು.

ಸೆಕ್ಷನ್ ನಿಂತಿರುವುದು ಆಸ್ಪತ್ರೆಯ ಗಾಯದ ಪ್ರಮಾಣಪತ್ರದ ಮೇಲೆ. ಎಕ್ಸ್‌ರೇ ಇಲ್ಲದೆ ‘ಮುರಿತ’ ಎಂದು ಬರೆದಿದ್ದರೆ, ಗಾಯಾಳು ಬಂದ ಹೊತ್ತಿಗೂ ದೂರಿನ ಹೊತ್ತಿಗೂ ತಾಳೆಯಾಗದಿದ್ದರೆ, ವೈದ್ಯರಿಗೆ ಹೇಳಿದ ಕಾರಣ ಬೇರೆ, ಠಾಣೆಯಲ್ಲಿ ಹೇಳಿದ್ದು ಬೇರೆ ಆಗಿದ್ದರೆ, ಪಾಟೀ ಸವಾಲಿನಲ್ಲಿ ಇವೇ ಪ್ರಶ್ನೆಗಳಾಗುತ್ತವೆ. ನಿಮಗೂ ಪೆಟ್ಟಾಗಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯ) ಎಂದು ನಮೂದು ಮಾಡಿಸಿ. ಆರೋಪಿಯ ಮೈಮೇಲಿನ ಗಂಭೀರ ಗಾಯಕ್ಕೆ ಪ್ರಾಸಿಕ್ಯೂಷನ್ ವಿವರಣೆ ಕೊಡದಿದ್ದರೆ ಅದರ ಕಥೆಯೇ ಶಂಕಾಸ್ಪದವಾಗಬಹುದು ಎಂದು ಸುಪ್ರೀಂ ಕೋರ್ಟು 1976ರ ಲಕ್ಷ್ಮೀ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆತ್ಮರಕ್ಷಣೆ ಎಂಬ ವಾದ ದಾಖಲೆಯಿಲ್ಲದೆ ನಿಲ್ಲುವುದು ಕಷ್ಟ.

ಸಿಸಿಟಿವಿ ಇದ್ದರೆ ತಡ ಮಾಡುವಂತಿಲ್ಲ, ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ಬರೆದುಕೊಳ್ಳುತ್ತದೆ. ಅಂಗಡಿಯವರಿಗೆ ಬರಹದಲ್ಲಿ ಕೋರಿಕೆ ಕೊಟ್ಟು, ನಕಲನ್ನು ವಕೀಲರ ಕಡತಕ್ಕೆ ಸೇರಿಸಿ. ಪೆನ್‌ಡ್ರೈವಿನಲ್ಲಿ ತಂದುಕೊಟ್ಟರೆ ಸಾಲದು: ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ, ಹ್ಯಾಶ್ ಮೌಲ್ಯದ (ಕಡತ ಬದಲಾಗಿಲ್ಲ ಎಂದು ತೋರಿಸುವ ಸಂಕೇತದ) ಸಮೇತ, ಎರಡು ಭಾಗದಲ್ಲಿ ಬೇಕು, ಎರಡನೆಯದನ್ನು ತಜ್ಞರು ತುಂಬಬೇಕು. ಖ್ಯಾತರ ತಂಡದಲ್ಲಿ ಇದಕ್ಕೆಂದೇ ಜನ ಇರುತ್ತಾರೆ. ಉಚಿತ ಸೇವೆಯಲ್ಲಿ ಓಡಾಟ ನಿಮ್ಮ ಮನೆಯವರದ್ದೇ, ಇದು ನಿಜವಾದ ಕೊರತೆ.

ಇನ್ನೊಂದು ಕೊರತೆ ದೂರ. ಪೂರ್ಣಾವಧಿ ತಂಡದ ಕೇಂದ್ರ ಜಿಲ್ಲಾ ಸ್ಥಳದಲ್ಲಿ. ಭಟ್ಕಳದಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಹೆಚ್ಚು. ತಾಲ್ಲೂಕುಗಳಲ್ಲಿ ಪ್ಯಾನಲ್ ವಕೀಲರು, ಅಂದರೆ ಪ್ರಾಧಿಕಾರದ ಪಟ್ಟಿಯಲ್ಲಿರುವ ಖಾಸಗಿ ವಕೀಲರು, ಸಿಗುತ್ತಾರೆ. ಅವರಿಗೆ ತಮ್ಮ ಸ್ವಂತ ಕೇಸುಗಳೂ ಇರುತ್ತವೆ. ಮೇಲಾಗಿ ಜಗಳದಲ್ಲಿ ಎರಡೂ ಕಡೆಯಿಂದ ದೂರು ದಾಖಲಾಗಿದ್ದರೆ ಒಂದೇ ತಂಡ ಎರಡೂ ಕಡೆಯ ಆರೋಪಿಗಳ ಪರ ನಿಲ್ಲಬಾರದು. ಎದುರು ಪಕ್ಷ ಮೊದಲೇ ಅಲ್ಲಿಗೆ ಹೋಗಿದೆಯೇ ಎಂದು ಕೇಳಿ, ಹೋಗಿದ್ದರೆ ಪ್ಯಾನಲ್‌ನಿಂದ ಬೇರೆ ವಕೀಲರನ್ನು ಕೊಡಿಸುವಂತೆ ಅರ್ಜಿಯಲ್ಲೇ ಬರೆಯಿರಿ. ಇದು ವಿಚಾರಣೆಯ ನಡುವೆ ಬೆಳಕಿಗೆ ಬಂದರೆ ವಕಾಲತ್ತು ಬದಲಾಗಿ ತಿಂಗಳುಗಟ್ಟಲೆ ತಡವಾಗುತ್ತದೆ.

ಹಣದ ವಿಷಯ ಸ್ಪಷ್ಟ: ಕೋರ್ಟ್ ಶುಲ್ಕ, ನಕಲು, ವಕೀಲರ ಫೀಸು ಯಾವುದೂ ನಿಮ್ಮದಲ್ಲ. ಯಾರಾದರೂ ಕೇಳಿದರೆ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರೆದು ಕೊಡಿ; ವಕೀಲರನ್ನು ಬದಲಿಸಿ ಎಂದು ಕೋರುವುದೂ ಅಲ್ಲೇ. ಜಾಮೀನು ಸಿಗುವ ಕೇಸಿನಲ್ಲಿ ಪಹಣಿ ಇಡುವ ಜಾಮೀನುದಾರ ಒಂದು ವಾರದಲ್ಲಿ ಸಿಗದೇ ಹೋದರೆ, ನಾಗರಿಕ ಸುರಕ್ಷಾ ಸಂಹಿತೆಯ 478ರಡಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು ಎಂದು ವಕೀಲರಿಂದ ಅರ್ಜಿ ಹಾಕಿಸಿ.